ಟವೆಲ್ಲಿನ ಕೆಳಗೊಂದು ಎಂಬಿಎ

ಎಂಬಿಎ ಮಾಡಬೇಕೋ, ಮ್ಯಾನೇಜ್‌ಮೆಂಟಿನಲ್ಲಿ ಮಾಸ್ಟರ್ಸ್ ಮಾಡಬೇಕೋ ಎಂದು ತೀರ್ಮಾನಿಸಲು ನಮ್ಮ ಮನೆಗೆ ತಗುಲಿದ ಖರ್ಚು ಇಷ್ಟು: ಎರಡು ಅರ್ಜಿ ಫಾರಂ, ಮೈಸೂರಿಗೆ ಬಸ್ ಚಾರ್ಜು, ಒಂದು ಹೊಸ ಟವೆಲ್ಲು. ಫಾರಂ ಯಾಕೆ, ಬಸ್ಸು ಯಾಕೆ ಎಂದು ನೀವು ಕೇಳುವುದಿಲ್ಲ. ಟವೆಲ್ಲು ಯಾಕೆ ಅಂತೀರಾ? ನನ್ನ ಸೋದರಮಾವ ಹಳೇ ಟವೆಲ್ಲಿನಲ್ಲಿ ದೊಡ್ಡ ವ್ಯಾಪಾರ ಮಾಡುವವನಲ್ಲ!

ಅವನಷ್ಟು ಮಾತಾಡುವ ಮನುಷ್ಯನನ್ನು ನಾನು ಕಂಡಿಲ್ಲ. ಆದರೆ ಮುಖ್ಯವಾದ ಒಂದು ಮಾತನ್ನಾದರೂ ಅವನು ಬಾಯಲ್ಲಿ ಆಡಿದ್ದನ್ನೂ ಕಂಡಿಲ್ಲ. ಊರು ಸೋಮನಾಥಪುರದ ಪಕ್ಕ, ಕಸುಬು ದನದ ದಲ್ಲಾಳಿ. ದನದ ಸಂತೆಯಲ್ಲಿ ಬೆಲೆ ಕೂಗುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಕೊಟ್ಟು ಒಬ್ಬರ ಬೆರಳು ಒಬ್ಬರು ಹಿಡಿಯುತ್ತಾರೆ. ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಮುಷ್ಟಿ ಮುಚ್ಚಿದರೆ ‘ಈ ಸಂತೆ ಬೇಡ, ಮುಂದೆ ನೋಡೋಣ’ ಎಂದರ್ಥ. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲು ಮಾತ್ರ.

ಮಾವ ಈ ಪದ್ಧತಿಯನ್ನು ಸಂತೆಯಲ್ಲೇ ಬಿಟ್ಟು ಮನೆಗೆ ಬರುತ್ತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಹೆಣ್ಣು ನೋಡಲು ಹೋದಾಗ ತಾತ ಎಲ್ಲರೆದುರು “ಒಪ್ಗೆನೇನ್ಲಾ?” ಎಂದು ಕೇಳಿದ್ದಕ್ಕೆ, ಇವನು ತುಟಿ ಬಿಚ್ಚದೆ ಹೆಗಲ ಟವೆಲ್ಲನ್ನು ತಾತನ ಕೈಮೇಲೆ ಹಾಸಿದನಂತೆ! ಎಷ್ಟು ಬೆರಳು ಹಿಡಿದನೋ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. “ನನ್ನ ಎಷ್ಟಕ್ಕೆ ಒಪ್ಕಂಡ್ರಿ, ಈಗ್ಲಾದ್ರೂ ಯೋಳಿ” ಎಂದು ಪೀಡಿಸುತ್ತಲೇ ಇದ್ದಾಳೆ.

ವ್ಯಾಪಾರದಲ್ಲಿ ನನ್ನ ಗುರು ಅವನೇ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಹೋದರೆ ಕಡಲೆಮಿಠಾಯಿಗೂ ಟವೆಲ್ಲೇ. ನಾನು ಐದು ಬೆರಳು ಹಿಡಿಯುತ್ತಿದ್ದೆ, ಅವನು ಎರಡು ಹಿಡಿಯುತ್ತಿದ್ದ. ಕೊನೆಗೆ ಮೂರಕ್ಕೆ ಮುಗಿಯುತ್ತಿತ್ತು. ಇವತ್ತು ನಂಜನಗೂಡಿನ ಹತ್ತಿರದ ತಾಂಡ್ಯದ ಫ್ಯಾಕ್ಟರಿಗಳಿಗೆ ನನ್ನದೇ ರಟ್ಟಿನ ಪೆಟ್ಟಿಗೆ ಹೋಗುತ್ತದೆ, ಯಾವ ಪರ್ಚೇಸ್ ಮ್ಯಾನೇಜರಿಗೂ ನಾನು ಜಗ್ಗುವುದಿಲ್ಲ. ಆ ಮಿಠಾಯಿಯೇ ಬಂಡವಾಳ!

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ನಂಜನಗೂಡಿನಲ್ಲಿ ಬಿ.ಕಾಂ. ಮುಗಿಸಿದ್ದೆ. ಮೈಸೂರಿನ ಒಂದು ಕಾಲೇಜಿನಲ್ಲಿ ಎಂಬಿಎ ಸೀಟು, ಇನ್ನೊಂದರಲ್ಲಿ ಮಾಸ್ಟರ್ಸ್ ಸೀಟು. ಶನಿವಾರದೊಳಗೆ ಯಾವುದಾದರೂ ಒಂದಕ್ಕೆ ಫೀಸು ಕಟ್ಟಬೇಕು. ಈಗಷ್ಟೇ ಡಿಗ್ರಿ ಮುಗಿಸಿದವರಿಗೆ ಮಾಸ್ಟರ್ಸೇ ಸರಿ ಎಂದು ನಮ್ಮ ಕಾಲೇಜಿನ ಮೇಷ್ಟ್ರು ಹೇಳಿದ್ದರು. ಅಪ್ಪ ಒಪ್ಪಬೇಕಲ್ಲ! “ಲಗ್ನಪತ್ರಿಕೇಲಿ ಎಂಬಿಎ ಅಂತ ಆಕುದ್ರೆ ಅದೇನು ಅಂತ ಯಾರೂ ಕೇಳಕಿಲ್ಲ. ಇನ್ನೊಂದುನ್ನ ಆಕುದ್ರೆ ಪಕ್ಕದಲ್ಲಿ ಅದರ ಅರ್ಥಾನೂ ಅಚ್ಚಾಕುಸ್ಬೇಕು!”

“ನೋಡ್ದೆ ಯಾಪಾರ ಮಾಡ್ಬಾರ್ದು, ನಡೀ ಬಾವ” ಎಂದು, ಸುದ್ದಿ ಕೇಳಿ ಊರಿಂದ ಬಂದಿದ್ದ ಮಾವ ಹೊಸ ಟವೆಲ್ಲು ಹೆಗಲಿಗೇರಿಸಿಕೊಂಡು ನಮ್ಮಿಬ್ಬರನ್ನೂ ಮೈಸೂರಿಗೆ ಹೊರಡಿಸಿಯೇಬಿಟ್ಟ.

ಎಂಬಿಎ ಕಾಲೇಜಿನ ಪ್ರಿನ್ಸಿಪಾಲರನ್ನು ಅವನು ಕೇಳಿದ ಮೊದಲ ಪ್ರಶ್ನೆ: “ಇಲ್ಲಿಗೆ ಎಷ್ಟಲ್ಲಿನವು ಬತ್ತವೆ ಸಾ?” ದನದ ವಯಸ್ಸನ್ನು ಹಲ್ಲೆಣಿಸಿ ಹೇಳುತ್ತಾರೆಂದು ನಾನು ಬಿಡಿಸಿ ಹೇಳಬೇಕಾಯಿತು. ಅವರು ನಕ್ಕು, ತಮ್ಮಲ್ಲಿ ಹೆಚ್ಚಿನವರು ಎರಡು ಮೂರು ವರ್ಷ ಕೆಲಸ ಮಾಡಿ ಬಂದವರೆಂದೂ, ಆ ಅನುಭವ ಇಟ್ಟುಕೊಂಡೇ ಪಾಠ ನಡೆಯುವುದೆಂದೂ ಹೇಳಿದರು.

“ಅಂದ್ರೆ ಉತ್ತು ಪಳಗಿರೋವು. ನಮ್ಮುಡ್ಗಿ ಇನ್ನೂ ಆಲಲ್ಲು ಕಣ್ ಸಾ” ಎಂದು ನನ್ನನ್ನು ಹಾಲುಹಲ್ಲಿನ ಕರುಗಳಿಗೆ ಸೇರಿಸಿದ ಮಾವ, ಫೀಸಿನ ಮಾತು ಬಂದದ್ದೇ ತಡ, ಎದ್ದು ಅವರ ಕೈಮೇಲೆ ಟವೆಲ್ಲು ಹಾಸಿದ! ಸನ್ಮಾನವೆಂದುಕೊಂಡ ಆ ಪುಣ್ಯಾತ್ಮರು ಟವೆಲ್ಲಿನೊಳಗೇ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಮಾವ ಬೆಚ್ಚಿ ಕೈ ಕಿತ್ತುಕೊಂಡ. ಹೊರಗೆ ಬಂದರೂ ಸುಧಾರಿಸಿಕೊಂಡಿರಲಿಲ್ಲ. “ಒಂದೇ ಏಟ್ಗೆ ಅತ್ತೂ ಬೆರಳು ಕೊಟ್ಬುಟ್ಟ ಬಾವ! ಇಂಥಾ ಯಾಪಾರಸ್ಥನ್ನ ನಾನು ಉಟ್ಟಾದಾಗ್ನಿಂದ ಕಂಡಿಲ್ಲ.”

ಇನ್ನೊಂದು ಕಾಲೇಜಿನಲ್ಲಿ ಎಲ್ಲರೂ ಡಿಗ್ರಿಯಿಂದ ನೇರ ಬಂದವರೇ. ಮಾವನಿಗೆ ಅದೂ ಸರಿಹೋಗಲಿಲ್ಲ. “ಎಲ್ಲಾ ಆಲಲ್ಲೇನಾ? ಜೊತೇಲಿ ಊಡಕೆ ಒಂದಾದ್ರೂ ಅಳೇ ಎತ್ತು ಬೇಡ್ವಾ? ಉತ್ತೇ ನೋಡ್ದಿರೋ ಕರುಗೆ ಉಳೋ ಪುಸ್ತಕ ಕೊಟ್ರೆ ಏನ್ ಮಾಡ್ತದೆ? ಮೇಯ್ತದೆ!”

ಅಪ್ಪ ರೇಗಿದ. “ಅಂಗಾದ್ರೆ ಎಲ್ಡೂ ಬ್ಯಾಡ್ವಾ? ಮನೇಲಿ ಕೂರ್ಸವಾ?”

ತಾಂಡ್ಯದ ಒಂದು ರಟ್ಟಿನ ಪೆಟ್ಟಿಗೆ ಕಂಪನಿಯ ಆಫೀಸಿನಿಂದ ಕೆಲಸಕ್ಕೆ ಬಾ ಎಂದು ಬಂದಿದ್ದ ಕಾಗದ ನನ್ನ ಪುಸ್ತಕದೊಳಗಿತ್ತು. ಎರಡು ಮೂರು ವರ್ಷ ದುಡಿದು, ಕಲಿತು, ಆಮೇಲೆ ಓದುವ ಆಸೆ. ಆದರೆ ಅಪ್ಪ ಅದೇ ತಾಂಡ್ಯದಲ್ಲಿ ಇಪ್ಪತ್ತು ವರ್ಷದಿಂದ ಶಿಫ್ಟಿನಲ್ಲಿ ಮೆಷಿನ್ ಮುಂದೆ ನಿಂತವನು. “ನನ್ ಮಗಳು ಆ ಗೇಟೊಳಕ್ಕೆ ಬಂದ್ರೆ ಕಾರಲ್ಲೇ ಬರದು” ಎಂದು ನಮ್ಮ ಊರು ಹೆಮ್ಮರಗಾಲಕ್ಕೆಲ್ಲ ಸಾರಿದ್ದ. ಅವನ ಮುಖ ನೋಡಿಕೊಂಡು ಹೇಗೆ ಹೇಳಲಿ?

ಶುಕ್ರವಾರ ಸಂಜೆ ಮಾವ ನನ್ನ ಮುಂದೆ ಕೂತು ಟವೆಲ್ಲು ಹಾಸಿದ. “ಒಂದು ಬೆರಳು ಎಂಬಿಎ, ಎಲ್ಡು ಇನ್ನೊಂದು. ಇಡಿ ಕೂಸು.”

ಹಗ್ಗ ಹಿಡಿದು ಹಿಡಿದು ಒರಟಾದ ಬೆರಳುಗಳು ಕಾಯುತ್ತಿದ್ದವು. ನಾನು ಒಂದನ್ನೂ ಹಿಡಿಯಲಿಲ್ಲ, ಎರಡನ್ನೂ ಹಿಡಿಯಲಿಲ್ಲ. ಅವನ ಬೆರಳುಗಳನ್ನೆಲ್ಲ ಮಡಿಸಿ ಮುಷ್ಟಿ ಮುಚ್ಚಿದೆ. ಮಾವ ನನ್ನ ಮುಖ ನೋಡಲಿಲ್ಲ. ಟವೆಲ್ಲು ಯಾಕಿರುತ್ತದೆಂದು ನನಗೆ ಅವತ್ತು ಗೊತ್ತಾಯಿತು: ಮನಸ್ಸಿನ ಮಾತು ಹೇಳುವವರ ಮುಖ ನಾಲ್ಕು ಜನರೆದುರು ಸಣ್ಣದಾಗಬಾರದು.

“ಈ ಸಂತೇಲಿ ಯಾಪಾರ ಆಗಕಿಲ್ಲ ಬಾವ. ಮೊದ್ಲು ಗೇಯ್ಮೆ ಕಲೀಲಿ.”

“ಯಾರು ಯೋಳುದ್ದು?”

“ಇಷ್ಟು ದಿನ ನಾವ್ಯಾರೂ ಕೇಳ್ದೆ ಇದ್ದೋಳು ಯೋಳುದ್ಲು.”

ನಾನು ಕಾಗದ ತೆಗೆದುಕೊಟ್ಟೆ. ಅಪ್ಪ ಅದನ್ನು ಎರಡು ಸಲ ಓದಿದ. ಆಮೇಲೆ ಪಕ್ಕದಲ್ಲಿ ಬಂದು ಕೂತು ತಾನೂ ಟವೆಲ್ಲಿನ ಕೆಳಗೆ ಕೈ ಇಟ್ಟ. ಅವನಿಗೆ ಬೆರಳಿನ ಲೆಕ್ಕ ಬರುತ್ತಿರಲಿಲ್ಲ. ಸುಮ್ಮನೆ ನನ್ನ ಕೈ ಹಿಡಿದುಕೊಂಡ.

ಮೂರು ವರ್ಷ ದುಡಿದು ಎಂಬಿಎ ಸೇರಿದೆ. ಅದೇ ಪ್ರಿನ್ಸಿಪಾಲರು, ನನ್ನ ಜೊತೆ ಮಾವ ಬಂದಿಲ್ಲವೆಂದು ಖಾತ್ರಿಯಾದ ಮೇಲೆಯೇ ಜೇಬಿನಿಂದ ಕೈ ತೆಗೆದರು!

ಈಗ ನಿಮಗೆ ನನ್ನ ಸಲಹೆ, ಬಿಟ್ಟಿಯಾಗಿ. ಕೆಲಸ ಮಾಡಿ ಬಂದವರಿಗೆ ಎಂಬಿಎ ದಕ್ಕುತ್ತದೆ. ಡಿಗ್ರಿಯ ಬೆನ್ನಿಗೇ ಓದಿ ಮುಗಿಸುವ ಮನಸ್ಸಿದ್ದವರಿಗೆ ಮಾಸ್ಟರ್ಸ್ ಆದೀತು. ಕಟ್ಟಡ ನೋಡಬೇಡಿ, ಹಿಂದಿನ ವರ್ಷ ಮುಗಿಸಿದವರನ್ನು ಹುಡುಕಿ ಕೇಳಿ. ಲಗ್ನಪತ್ರಿಕೆಗಾಗಿ ಮಾತ್ರ ಯಾವುದಕ್ಕೂ ಸೇರಿಸಬೇಡಿ. ಫೀಸು ಕಟ್ಟುವ ಹಿಂದಿನ ದಿನ ಮಗುವಿನ ಮುಂದೆ ಕೂತು ಕೈಮೇಲೆ ಒಂದು ಟವೆಲ್ಲು ಹಾಸಿ. ಟವೆಲ್ಲು ಕೊಳ್ಳುವಾಗ ಜಿಪುಣತನ ಬೇಡ, ದೊಡ್ಡದನ್ನೇ ತನ್ನಿ. ಮೂರು ಕೈ ಹಿಡಿಸಬೇಕು.