ಖಾಲಿ ತೋಟಾ ಹೊರಬಾರದ ಪಿಸ್ತೂಲು

ಬಂದೂಕು ರಿಪೇರಿ ಅಂಗಡಿಯ ಗುಮಾಸ್ತನಿಗೆ ಭಾನುವಾರ ರಜೆ ಇದ್ದೀತು, ಅವನ ಹೆದರಿಕೆಗೆ ಇಲ್ಲ. ಎಂಬತ್ತರ ದಶಕದ ಮೊದಲಲ್ಲಿ ಜಯನಗರದ ಅಂಥದೊಂದು ಅಂಗಡಿಯಲ್ಲಿ ನಾನಿದ್ದೆ. ರಿಪೇರಿ ಮೇಸ್ತ್ರಿಯದು, ಬರವಣಿಗೆ ನನ್ನದು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಹೊರಟವನು ಸಂಜೆ ಜೀವಸಹಿತ ಮನೆ ಸೇರಿದರೆ ದೇವರಿಗೆ ಇನ್ನೊಂದು ನಮಸ್ಕಾರ. ಒಂದೇ ಪಿಸ್ತೂಲು ನನ್ನನ್ನು ಮೂರು ಸಲ ನಡುಗಿಸಿದ್ದನ್ನು ಹೇಳುತ್ತೇನೆ.

೧. ನಿನ್ನೆಯ ಮಾತು

ಇಟ್ಟಮಡುವಿನ ಗೌಡರೊಬ್ಬರು ಪಿಸ್ತೂಲನ್ನು ಟವಲ್ಲಿನಲ್ಲಿ ಸುತ್ತಿ ತಂದು, ಅದರ ಬಾಯಿ ನನ್ನ ಹೊಟ್ಟೆಯ ಕಡೆ ಬರುವಂತೆ ಮೇಜಿನ ಮೇಲಿಟ್ಟರು. ಹೊಲದ ನಡುವೆ ಒಂಟಿ ಮನೆ, ಕಳ್ಳರ ಭಯ. ಗುಂಡು ಹಾರಿದ ಮೇಲೆ ಖಾಲಿ ತೋಟಾ, ಅಂದರೆ ಗುಂಡಿನ ಹಿತ್ತಾಳೆ ಕವಚ, ತಾನಾಗಿ ಹೊರಗೆ ಚಿಮ್ಮಬೇಕು, ಆಗಲೇ ಮುಂದಿನದು ಒಳಗೆ ಕೂರುವುದು. ಇವರದರಲ್ಲಿ ಖಾಲಿಯದು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

“ಎರಡನೇ ಗುಂಡಿನ ತನಕ ಕಳ್ಳ ಕಾಯ್ತಾನಾ ಮೇಸ್ತ್ರಿ?” ಎಂದರು ಗೌಡರು.

“ಈಗ ಒಳಗೆ ಏನೂ ಇಲ್ಲ ತಾನೆ ಗೌಡ್ರೇ?” ಎಂದೆ, ಹೊಟ್ಟೆ ಒಳಗೆಳೆದುಕೊಂಡು.

“ಖಾಲಿ ಸ್ವಾಮಿ. ನಾನೇ ನೋಡಿದೀನಿ.”

ಮೇಸ್ತ್ರಿ ಅದರ ಮೇಲ್ಭಾಗ ಹಿಂದಕ್ಕೆಳೆದರು. ಜೀವಂತ ಗುಂಡೊಂದು ಟಣ್ಣನೆ ಬಿದ್ದು ನನ್ನ ಚಪ್ಪಲಿಯ ಹತ್ತಿರ ಉರುಳಿತು.

“ನಾನು ನೋಡಿದ್ದು ನಿನ್ನೆ,” ಎಂದರು ಗೌಡರು.

೨. ಪೂಜೆಯ ಫಲ

ಬಿಚ್ಚಿದರೆ ಒಳಗೆಲ್ಲ ಕುಂಕುಮವೂ ಎಳ್ಳೆಣ್ಣೆಯೂ ಸೇರಿ ಅಂಟು. ಖಾಲಿ ತೋಟಾ ಎಳೆಯುವ ಕೊಕ್ಕೆಯ ಕೆಳಗೆ ಒಂದು ಅಕ್ಷತೆ ಕಾಳು.

“ಆಯುಧಪೂಜೇಲಿ ಹೊರಗೆ ಹಚ್ಚಿದ್ರೆ ಸಾಲದಾ?” ಎಂದರು ಮೇಸ್ತ್ರಿ.

“ಕೆಲಸ ಮಾಡೋದು ಒಳಗಡೆ ಅಲ್ವಾ?” ಎಂದರು ಗೌಡರು.

ಇಬ್ಬರೂ ನನ್ನ ಮುಖ ನೋಡಿದರು. ದೇವರ ವಿಷಯ, ಅದೂ ಪಿಸ್ತೂಲು ಇಟ್ಟುಕೊಂಡವರ ಎದುರು. ನಾನು ಅಕ್ಷತೆಯನ್ನು ಕಣ್ಣಿಗೊತ್ತಿ ತಲೆಯ ಮೇಲೆ ಹಾಕಿಕೊಂಡು ಕಾಫಿ ತರಲು ಹೊರಟುಬಿಟ್ಟೆ. ಕಾಫಿ ಯಾರೂ ಕೇಳಿರಲಿಲ್ಲ.

೩. ಹೊಲದಲ್ಲಿ ಪರೀಕ್ಷೆ

ಶುದ್ಧ ಮಾಡಿ ಕೊಟ್ಟರೂ ಅದೇ ದೂರು. ಕೊನೆಗೆ ಗೌಡರ ಹೊಲದ ಮಣ್ಣುದಿಬ್ಬಕ್ಕೆ ಗುರಿಯಿಟ್ಟು ನೋಡಲು ಹೋದೆವು. ನಾನು ಹುಣಸೆಮರದ ಹಿಂದೆ ನಿಂತು ರಾಮನಾಮ ಹಿಡಿದೆ. ಮೇಸ್ತ್ರಿ ಹೊಡೆದರೆ ಖಾಲಿ ತೋಟಾ ಚಿಮ್ಮುತ್ತಿತ್ತು, ಗೌಡರು ಹೊಡೆದರೆ ಸಿಕ್ಕಿಕೊಳ್ಳುತ್ತಿತ್ತು.

“ಪಿಸ್ತೂಲು ಸರಿಯಾಗಿದೆ ಗೌಡ್ರೇ. ನೀವು ಕಣ್ಣು ಮುಚ್ಚಿ ಕೈ ಸಡಿಲ ಬಿಡ್ತೀರಿ. ಗಟ್ಟಿಯಾಗಿ ಹಿಡೀರಿ, ಹೆದರ್ಬೇಡಿ.”

“ಹೆದರೋದು ಯಾರು? ಮರದ ಹಿಂದೆ ಇರೋರ್ಗೆ ಹೇಳಿ.”

ಗೌಡರು ಹಲ್ಲು ಕಚ್ಚಿ, ಗಟ್ಟಿಯಾಗಿ ಹಿಡಿದು ಹೊಡೆದರು. ಖಾಲಿ ತೋಟಾ ಸೊಗಸಾಗಿ ಮೇಲಕ್ಕೆ ಚಿಮ್ಮಿ, ಸುಡುಸುಡುತ್ತಲೇ ಅವರ ಅಂಗಿಯ ಕಾಲರಿನೊಳಗೆ ಇಳಿಯಿತು.

“ಗುಂಡು ಬಿತ್ತು, ನಂಗೇ ಬಿತ್ತು,” ಎಂದು ಪಿಸ್ತೂಲು ಬಿಸುಟು ನೆಲಕ್ಕೊರಗಿದರು. “ಸ್ವಾಮಿ, ಬಾಯಿಗೆ ಒಂದು ತೊಟ್ಟು ನೀರು ಬಿಡಿ.”

ನಾನು ಮರದ ಹಿಂದಿನಿಂದ ಓಡಿಬಂದು ಅವರ ಅಂಗಿಯ ಗುಂಡಿ ಬಿಚ್ಚಿದೆ. ಖಾಲಿ ತೋಟಾ ಉರುಳಿ ಹೊರಬಂತು. ಎದೆಯ ಮೇಲೆ ಕಾಳಿನಷ್ಟು ಕೆಂಪು, ಅಷ್ಟೇ. ಗೌಡರು ಎದ್ದು ಕೂತು, ಪಂಚೆಯ ಧೂಳು ಕೊಡವಿದರು.

“ಮೇಸ್ತ್ರಿ, ಮೊದಲಿದ್ದ ಹಾಗೇ ಮಾಡಿಕೊಟ್ಬಿಡಿ. ಖಾಲಿ ತೋಟಾ ಒಳಗೇ ಇರ್ಲಿ.”