ನಮ್ಮ ಮನೆಯ ಕಟ್ಲೆಟ್ ಹೋಟೆಲಿನದಲ್ಲ

ನಮ್ಮ ತಾತ ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿದ್ದವರು. ತಂದೆ ಹೈಸ್ಕೂಲಿನ ಹೆಡ್‌ಮಾಸ್ಟರು. ತಾಯಿಯ ಕಡೆಯವರು ತಲೆತಲಾಂತರದಿಂದ ವಕೀಲರು. ಊಟದ ಹೊತ್ತಿಗೆ ಬಂದವರನ್ನು ನಮ್ಮ ಮನೆಯಿಂದ ಬರಿಹೊಟ್ಟೆಯಲ್ಲಿ ಕಳಿಸಿದ್ದಿಲ್ಲ, ಹೊರಗಿನಿಂದ ತರಿಸಿದ್ದನ್ನು ಮನೆಯದೆಂದು ಬಡಿಸಿದ್ದೂ ಇಲ್ಲ. ನಾನು ಕಾನ್ವೆಂಟಿನಲ್ಲಿ ಓದಿ, ಜಯನಗರದ ಅಷ್ಟೇ ಮರ್ಯಾದಸ್ಥರ ಮನೆಗೆ ಸೊಸೆಯಾಗಿ ಬಂದವಳು.

ಜಂಬಕ್ಕೆ ಇದನ್ನೆಲ್ಲ ಹೇಳುತ್ತಿಲ್ಲ. ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ನನ್ನದೇ ಹಾಲಿನಲ್ಲಿ ಕೂತು, ನನ್ನ ನಾದಿನಿ ನಾನು ಮಾಡಿದ ಕಟ್ಲೆಟ್ಟನ್ನು ಹೋಟೆಲಿನದು ಎಂದಳು. ಆ ಒಂದು ಮಾತಿಗೆ ಸಂಬಂಧ ಮುರಿದುಬೀಳುವುದರಲ್ಲಿತ್ತು. ಬೀಳಲಿಲ್ಲ, ಅದು ದೇವರ ದಯೆ. ಆದರೆ ಆ ಕಟ್ಲೆಟ್ಟಿನ ಹಿಂದೆ ಎಷ್ಟು ವರ್ಷದ ಪಾಡಿತ್ತೆಂಬುದನ್ನು ನಾಲ್ಕು ಜನ ತಿಳಿದುಕೊಳ್ಳಲಿ.

ಹೋಟೆಲಿನಲ್ಲಿ ತಿಂದದ್ದನ್ನು ಮನೆಯಲ್ಲಿ ಮಾಡಲು ಹೊರಟವರಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಒಂದರ ಕಲೆ ಸೀರೆಯಿಂದ ಹೋಗುವ ಮೊದಲೇ ಇನ್ನೊಂದು ಆಗಿರುತ್ತದೆ. ನಮ್ಮ ಮನೆಯಲ್ಲಿ ಇದು ಶುರುವಾದದ್ದು ನಮ್ಮ ಯಜಮಾನರಿಂದ. ಕಾರ್ಖಾನೆಯಲ್ಲಿ ಸಂಬಳವಾದ ವಾರ ನನ್ನನ್ನೂ ಮಗಳನ್ನೂ ಹೋಟೆಲಿನ ಫ್ಯಾಮಿಲಿ ರೂಮಿಗೆ ಕರೆದುಕೊಂಡು ಹೋಗುತ್ತಿದ್ದರು. ಊಟ ಅವರಿಗೆ ಮುಖ್ಯವಲ್ಲ. ಊಟಕ್ಕೆ ಮುಂಚೆ ಬರುವ ಚಿಕ್ಕಪುಟ್ಟ ತಟ್ಟೆಗಳೇ ಅವರ ಪ್ರಾಣ. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು: "ಇದನ್ನ ನೀನು ಇನ್ನೂ ಚೆನ್ನಾಗಿ ಮಾಡ್ತೀಯ ಕಣೆ."

ಮಾಡಬಹುದಿತ್ತು. ಆದರೆ ಮನೆಯಲ್ಲಿ ನಮ್ಮ ಅತ್ತೆ ಇದ್ದರು. ಅವರ ಅಡುಗೆಮನೆಗೆ ಈರುಳ್ಳಿ, ಬೆಳ್ಳುಳ್ಳಿ, ಬ್ರೆಡ್ಡು, ಯಾವುದಕ್ಕೂ ಪ್ರವೇಶವಿರಲಿಲ್ಲ.

ಸೂಪು

ಒಂದು ಸಂಜೆ ಯಜಮಾನರು ತಮ್ಮ ಮೇಲಧಿಕಾರಿಯನ್ನು ಮನೆಗೆ ಊಟಕ್ಕೆ ಕರೆದರು. ಪ್ರಮೋಷನ್ನಿನ ಮಾತು ನಡೆಯುತ್ತಿದ್ದ ಕಾಲ. ಹೋಟೆಲಿನ ಹಾಗೆಯೇ ಮೊದಲು ಟೊಮ್ಯಾಟೊ ಸೂಪು ಕೊಡಬೇಕೆಂದು ನಾನು ತೀರ್ಮಾನಿಸಿದೆ. ಹಣ್ಣು ಬೇಯಿಸಿ, ಸೋಸಿ, ಮೆಣಸಿನ ಪುಡಿ ಹಾಕಿ, ಬೆಣ್ಣೆ ತೇಲಿಸಿ ಇಟ್ಟೆ. ಸೂಪಿನ ತಟ್ಟೆಗಳನ್ನು ಒರೆಸುತ್ತಾ ಅತ್ತೆಗೂ ಕ್ರಮ ವಿವರಿಸಿದೆ. ತಟ್ಟೆಯನ್ನು ಆಚೆ ಕಡೆಗೆ ವಾಲಿಸಬೇಕು, ಚಮಚವನ್ನೂ ಆಚೆ ಕಡೆಗೇ ಓಡಿಸಬೇಕು, ಸದ್ದು ಮಾಡಬಾರದು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ್ದು ಹಾಗೆ.

ಅತ್ತೆ ಗಮನವಿಟ್ಟು ಕೇಳಿ, "ಬಾಯಿ ಈ ಕಡೆ ಇರೋವಾಗ ಚಮಚ ಯಾಕಮ್ಮ ಆ ಕಡೆ ಹೋಗ್ಬೇಕು?" ಎಂದರು.

ನಾನು ಸೀರೆ ಬದಲಾಯಿಸಲು ರೂಮಿಗೆ ಹೋದೆ. ಅಷ್ಟರಲ್ಲಿ ಅತ್ತೆ ಪಾತ್ರೆಯ ಮುಚ್ಚಳ ತೆಗೆದು ನೋಡಿದ್ದಾರೆ. ಬೇಳೆಯಿಲ್ಲ, ಒಗ್ಗರಣೆಯಿಲ್ಲ. ಪಾಪ, ಗಡಿಬಿಡಿಯಲ್ಲಿ ಸೊಸೆ ಮರೆತಿದ್ದಾಳೆ ಎಂದುಕೊಂಡು ತುಪ್ಪ ಕಾಯಿಸಿ, ಸಾಸಿವೆ, ಇಂಗು, ಕರಿಬೇವು ಸಿಡಿಸಿ ಹಾಕಿಬಿಟ್ಟರು. ನನಗೆ ಗೊತ್ತಾದದ್ದು ಅಧಿಕಾರಿಗಳ ತಟ್ಟೆಯಲ್ಲಿ ಕರಿಬೇವಿನ ಎಲೆ ತೇಲಿದಾಗ.

ಅವರು ಒಂದು ಚಮಚ ಕುಡಿದರು. ಇನ್ನೊಂದು ಕುಡಿದರು. ಆಮೇಲೆ ಚಮಚ ಕೆಳಗಿಟ್ಟರು. ಯಜಮಾನರ ಮುಖ ಬಿಳಿಚಿಕೊಂಡಿತು. ಪ್ರಮೋಷನ್ನು ಹೋಯಿತೆಂದೇ ನಾನೂ ಎಣಿಸಿದೆ.

ಅಧಿಕಾರಿಗಳು ಸಂಕೋಚದಿಂದ ನನ್ನ ಕಡೆ ತಿರುಗಿ, "ಮೇಡಂ, ತಪ್ಪು ತಿಳ್ಕೋಬೇಡಿ. ಇದಕ್ಕೆ ಸ್ವಲ್ಪ ಬಿಸಿ ಅನ್ನ ಸಿಗುತ್ತಾ?" ಎಂದರು.

ಪ್ರಮೋಷನ್ನು ಬಂತು. ಅದು ಮಗನ ದುಡಿಮೆಗೆ ಬಂದದ್ದಲ್ಲ, ತಮ್ಮ ಇಂಗಿಗೆ ಬಂದದ್ದು ಎಂದು ಅತ್ತೆ ಬಹಳ ವರ್ಷ ಹೇಳುತ್ತಿದ್ದರು.

ಕಟ್ಲೆಟ್ಟು

ಹೋಟೆಲಿನ ಕಟ್ಲೆಟ್ಟು ನೋಡಲು ಸರಳ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಪಕ್ಕದಲ್ಲಿ ಸೌತೆಕಾಯಿ ಚೂರು. ಆ ಗರಿಗರಿಯ ಗುಟ್ಟು ಒಣಗಿಸಿದ ಬ್ರೆಡ್ಡಿನ ಪುಡಿಯಲ್ಲಿದೆ. ನಾನು ಅತ್ತೆಯ ಮುಂದೆ ಬ್ರೆಡ್ಡಿನ ಹೆಸರೆತ್ತಿದೆ.

"ಬ್ರೆಡ್ಡು ಜ್ವರ ಬಂದೋರು ತಿನ್ನೋದು," ಎಂದರು ಅತ್ತೆ. "ಈ ಮನೇಲಿ ಯಾರಿಗೆ ಜ್ವರ?"

ಬ್ರೆಡ್ಡಿನ ಬದಲು ದಪ್ಪ ರವೆಯಲ್ಲಿ ಹೊರಳಿಸಿದೆ. ಎಣ್ಣೆಗೆ ಬಿಟ್ಟ ತಕ್ಷಣ ರವೆ ಒಂದು ಕಡೆ ಹೋಯಿತು, ಆಲೂಗೆಡ್ಡೆ ಇನ್ನೊಂದು ಕಡೆ ಹೋಯಿತು, ಬಟಾಣಿ ಸಿಡಿದು ಕ್ಯಾಲೆಂಡರಿನ ಮೇಲೆ ಕೂತಿತು. ಉಳಿದದ್ದನ್ನು ಸೋಸಿ ತೆಗೆದು ದೋಸೆಯ ಒಳಗೆ ಇಟ್ಟು ಕೊಟ್ಟೆ. ಯಜಮಾನರು ತಿಂದು, "ಪಲ್ಯ ಚೆನ್ನಾಗಿದೆ. ಕಟ್ಲೆಟ್ಟು ಯಾವಾಗ ಬರುತ್ತೆ?" ಎಂದರು.

ನಾನು ಹಿಡಿದ ಕೆಲಸ ಬಿಡುವವಳಲ್ಲ. ದಪ್ಪ ರವೆ ಬಿಟ್ಟು ನುಣುಪಾದ ಚಿರೋಟಿ ರವೆ ಹಿಡಿದೆ. ಅದು ಅಂಟಬೇಕಾದರೆ ಭಾರವಾದದ್ದರಿಂದ ಅದುಮಬೇಕು ಎಂಬುದು ಆಮೇಲೆ ಹೊಳೆಯಿತು. ಲೋಟ ಹಗುರ, ಲಟ್ಟಣಿಗೆ ಉರುಳುತ್ತದೆ. ಅಟ್ಟದ ಮೇಲೆ ಒಂದು ಹಿತ್ತಾಳೆ ಬಟ್ಟಲಿತ್ತು. ನಮ್ಮ ಗೃಹಪ್ರವೇಶಕ್ಕೆ ನಾದಿನಿ ಉಡುಗೊರೆ ಕೊಟ್ಟದ್ದು. ಗುಂಡುಕಲ್ಲಿನ ಹಾಗೆ ತೂಕ. ಕೊಟ್ಟವರ ಹೆಸರನ್ನು ಪಾತ್ರೆಯ ಮೇಲೆ ಕೆತ್ತಿಸುವುದು ನಮ್ಮಲ್ಲಿ ರೂಢಿಯೇ. ಎಲ್ಲರೂ ಅಂಚಿನಲ್ಲಿ ಸಣ್ಣದಾಗಿ ಚುಕ್ಕೆ ಹೊಡೆಸುತ್ತಾರೆ. ನಾದಿನಿ ತಳದ ಅಗಲಕ್ಕೂ ಉಳಿಯಲ್ಲಿ ಆಳವಾಗಿ ಹೊಡೆಸಿದ್ದಳು, ಶಾಸನದ ಹಾಗೆ.

ಪಾಯಸಕ್ಕೆ ಬಾರದ ಬಟ್ಟಲು ಕಟ್ಲೆಟ್ಟಿಗೆ ಒದಗಿತು. ಒಂದೊಂದನ್ನೂ ಅದರಿಂದ ಒತ್ತಿ ಕರಿದೆ, ರವೆಯ ಒಂದು ಕಾಳೂ ಕದಲಲಿಲ್ಲ. ಅತ್ತೆ ತಿಂದರು. ಯೋಚಿಸಿದರು. "ಬೋಂಡಾನ ಯಾಕಮ್ಮ ಹೀಗೆ ತುಳಿದಿದ್ದೀಯ?" ಎಂದರು. ಆದರೂ ಎರಡನೆಯದಕ್ಕೆ ಕೈ ಚಾಚಿದರು.

ಷೆಡ್ಡು

ಮುಂದೆ ಊರಿಗೆಲ್ಲ ಗೋಬಿ ಮಂಚೂರಿಯ ಹುಚ್ಚು ಹಿಡಿಯಿತು. ಮಗಳು ಆಗ ಕಾಲೇಜಿನಲ್ಲಿದ್ದಳು. "ಅಮ್ಮ, ಅದನ್ನ ಮಾಡು" ಎಂದು ಹಟ. ಹೂಕೋಸಿಗೆ ಅಡ್ಡಿಯಿಲ್ಲ. ಆದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಆ ತಿಂಡಿಯೇ ಇಲ್ಲ. ಕೊನೆಗೆ ಯಜಮಾನರು ಸೀಮೆಎಣ್ಣೆ ಸ್ಟೋವನ್ನು ಹಿತ್ತಲಿನ ಷೆಡ್ಡಿಗೆ ಸಾಗಿಸಿದರು. ಅಲ್ಲಿ ಅವರ ಸ್ಕೂಟರ್ ನಿಲ್ಲುತ್ತಿತ್ತು. ಸ್ಕೂಟರಿನ ಸೀಟಿನ ಮೇಲೆ ಹಲಗೆ ಇಟ್ಟು ಬೆಳ್ಳುಳ್ಳಿ ಹೆಚ್ಚಿದೆ. ಅಮಲ್ದಾರರ ಮೊಮ್ಮಗಳು ಮಾಡಬೇಕಾದ ಕೆಲಸವಲ್ಲ, ಆದರೂ ಮಾಡಿದೆ.

ಬಾಣಲೆಗೆ ಬೆಳ್ಳುಳ್ಳಿ ಬಿದ್ದದ್ದೇ ತಡ, ಘಾಟು ಹಿತ್ತಲು ದಾಟಿತು. ಷೆಡ್ಡಿನ ಬಾಗಿಲಲ್ಲಿ ನೆರಳು ಕಂಡಿತು. ಅತ್ತೆ. ಕೈಯಲ್ಲಿ ಜಪಸರ. ಮಗಳು ಸ್ಕೂಟರಿನ ಹಿಂದೆ ಅವಿತಳು. ಯಜಮಾನರು ಸ್ಪಾರ್ಕ್ ಪ್ಲಗ್ ಪರೀಕ್ಷಿಸತೊಡಗಿದರು. ಉತ್ತರ ಕೊಡಲು ಉಳಿದವಳು ನಾನೊಬ್ಬಳೇ.

ಅತ್ತೆ ಬಾಣಲೆ ನೋಡಿದರು, ಗೋಡೆ ನೋಡಿದರು, ಸ್ಕೂಟರ್ ನೋಡಿದರು.

"ಇದು ಅಡುಗೆಮನೆ ಅಲ್ವಲ್ಲ?"

"ಅಲ್ಲ ಅತ್ತೆ. ಷೆಡ್ಡು."

"ಷೆಡ್ಡಿಗೆ ಮಡಿ ಇಲ್ಲ," ಎಂದು ಅವರೇ ತೀರ್ಪು ಕೊಟ್ಟು, ಜಪಸರವನ್ನು ಸೊಂಟಕ್ಕೆ ಸಿಕ್ಕಿಸಿ, "ಒಂದು ಕೊಡು ನೋಡೋಣ," ಎಂದರು.

ಅಂದಿನಿಂದ ನಮ್ಮ ಷೆಡ್ಡಿನಲ್ಲಿ ಸ್ಟೋವಿನ ಸದ್ದು ಕೇಳಿದಾಗಲೆಲ್ಲ ಅತ್ತೆ ಜಪ ನಿಲ್ಲಿಸಿ ಏಳುತ್ತಿದ್ದರು. ಯಾರಾದರೂ ಕೇಳಿದರೆ, "ಸ್ಕೂಟರ್ ಹೇಗಿದೆ ನೋಡ್ಕೊಂಡು ಬರ್ತೀನಿ" ಎನ್ನುತ್ತಿದ್ದರು.

ಗಂಡಿನ ಕಡೆಯವರು

ಮಗಳ ಓದು ಮುಗಿಯಿತು. ಪದ್ಮನಾಭನಗರದ ಒಂದು ಮನೆಯಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನು, ಮಗಳಿಗೂ ಮನಸ್ಸಿತ್ತು. ಎಲ್ಲ ಹುಡುಗನ ಅಜ್ಜಿಯ ಕೈಯಲ್ಲಿದೆ ಎಂದು ಮಧ್ಯಸ್ಥಿಕೆ ವಹಿಸಿದವರು ಮೊದಲೇ ಹೇಳಿದ್ದರು. ಆಕೆ ಜನ್ಮದಲ್ಲಿ ಹೋಟೆಲಿನ ತಿಂಡಿ ಮುಟ್ಟಿದವರಲ್ಲ. ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ ಹೊರಗಿನಿಂದ ತಂದ ಜಾಮೂನು ಕೊಟ್ಟರೆಂದು ತಿಳಿದು, ಆ ಸಂಬಂಧವನ್ನೇ ಬೇಡವೆಂದಿದ್ದರಂತೆ.

ಎಲ್ಲರೂ ಮಾಡುವ ಉಪ್ಪಿಟ್ಟು ಕೇಸರಿಬಾತು ನಾನು ಮಾಡಲಿಲ್ಲ. ನನ್ನ ಕಟ್ಲೆಟ್ಟಿನ ಮೇಲೆ ನನಗೆ ನಂಬಿಕೆಯಿತ್ತು. ಬೆಳಗಿನಿಂದ ತರಕಾರಿ ಹೆಚ್ಚಿ, ಬೇಯಿಸಿ, ಹಿತ್ತಾಳೆ ಬಟ್ಟಲಿನಿಂದ ಒತ್ತಿ, ಹದವಾಗಿ ಕರಿದೆ. ಕನ್ನಡಕ ಹಾಕಿಕೊಂಡು ಅಡುಗೆ ಮಾಡುವ ಅಭ್ಯಾಸ ನನಗಿಲ್ಲ. ಕೈಗೆ ತಿಳಿಯುವುದನ್ನು ಕಣ್ಣು ನೋಡಬೇಕಾಗಿಲ್ಲ.

ಬಂದವರು ಹಾಲಿನಲ್ಲಿ ಕೂತರು. ಬನಶಂಕರಿಯಿಂದ ನಾದಿನಿಯೂ ಗಂಡನ ಜೊತೆ ಬಂದಿದ್ದಳು. ಮಗಳು ತಟ್ಟೆಗಳನ್ನು ತಂದುಕೊಟ್ಟಳು. ಅಜ್ಜಿ ಒಂದು ಕಟ್ಲೆಟ್ಟು ಮುಗಿಸಿ ಎರಡನೆಯದನ್ನು ಕೈಗೆತ್ತಿಕೊಂಡರು. ಅವರ ಮುಖ ಅರಳಿತ್ತು. ಅತ್ತೆ ನನ್ನ ಕಡೆ ನೋಡಿ ತಲೆದೂಗಿದರು. ಸಂಬಂಧ ಕೂಡಿದ ಹಾಗೆಯೇ ಇತ್ತು.

ಆಗ ನಾದಿನಿ ಬಾಯಿಬಿಟ್ಟಳು. "ಅತ್ತಿಗೆ, ಇದು ಫೋರ್ತ್ ಬ್ಲಾಕ್ ಹೋಟೆಲಿಂದು ತಾನೆ? ಒಂದು ತುತ್ತಿಗೇ ಗೊತ್ತಾಗೋಯ್ತು. ಮನೇಲಿ ಇಷ್ಟು ಗರಿಗರಿ ಬರಲ್ಲ ಬಿಡಿ."

ಅಜ್ಜಿ ಕೈಯಲ್ಲಿದ್ದ ಕಟ್ಲೆಟ್ಟನ್ನು ಬಾಯಿಯಿಂದ ದೂರ ಹಿಡಿದರು. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಚಪ್ಪಲಿ ಬಿಟ್ಟ ಕಡೆ ನೋಡಿದರು. ಬಾಗಿಲ ಹತ್ತಿರ ನಿಂತಿದ್ದ ಮಗಳ ಕಣ್ಣು ತುಂಬಿತು.

"ಮನೇಲೇ ಮಾಡಿದ್ದು," ಎಂದೆ. ಇನ್ನೊಂದು ಮಾತು ಸೇರಿಸಲಿಲ್ಲ. ನಮ್ಮ ಮನೆತನದಲ್ಲಿ ಆಣೆ ಪ್ರಮಾಣ ಮಾಡುವ ಪದ್ಧತಿಯಿಲ್ಲ.

"ಎಲ್ಲರೂ ಹಾಗೇ ಅಂತಾರಮ್ಮ," ಎಂದರು ಅಜ್ಜಿ. ಕಟ್ಲೆಟ್ಟನ್ನು ತಟ್ಟೆಗೆ ಮಗುಚಿ ಹಾಕಿದರು. ಹಾಕಿದವರು ಬಗ್ಗಿ ನೋಡಿದರು. ಕನ್ನಡಕ ಮೇಲೆತ್ತಿ ನೋಡಿದರು, ಕೆಳಗಿಳಿಸಿ ನೋಡಿದರು.

"ಇದರ ಬೆನ್ನ ಮೇಲೆ ಏನೋ ಬರ್ದಿದೆಯಲ್ಲ?"

ಹುಡುಗ ಬಗ್ಗಿ ನೋಡಿ, "ಹೌದಜ್ಜಿ, ಅಕ್ಷರಾನೇ. ಆದ್ರೆ ಎಲ್ಲ ಉಲ್ಟಾ ಇದೆ" ಎಂದ.

ಅಜ್ಜಿ ಕಟ್ಲೆಟ್ಟನ್ನು ಎತ್ತಿಕೊಂಡು ನಿಧಾನವಾಗಿ ಎದ್ದರು. ಗೋಡೆಯಲ್ಲಿ ತೂಗುಹಾಕಿದ್ದ ಕನ್ನಡಿಯ ಮುಂದೆ ನಿಂತರು. ಕುಂಕುಮ ಇಟ್ಟುಕೊಳ್ಳುವವರ ಹಾಗೆ ಕಟ್ಲೆಟ್ಟನ್ನು ಕನ್ನಡಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ನಾದಿನಿಯ ಹೆಸರು. ಹಿಂದೆಯೇ ಅವಳ ಗಂಡನ ಹೆಸರು. ಚಿರೋಟಿ ರವೆಯಲ್ಲಿ ಒಂದು ಕೊಂಬೂ ಮುರಿದಿರಲಿಲ್ಲ.

ಅಜ್ಜಿ ತಿರುಗಿ ನಾದಿನಿಯನ್ನು ಕೇಳಿದರು: "ಈ ಹೆಸರಿನ ಹೋಟೆಲು ಫೋರ್ತ್ ಬ್ಲಾಕ್‌ನಲ್ಲಿ ಎಲ್ಲಿದೆಯಮ್ಮ?"

ನಾದಿನಿ ತನ್ನ ತಟ್ಟೆಯನ್ನು ಕುರ್ಚಿಯ ಕೆಳಗೆ ಸರಿಸಿದಳು. ಅವಳ ಗಂಡ ತಮ್ಮ ತಟ್ಟೆಯ ಕಟ್ಲೆಟ್ಟನ್ನು ಮಗುಚಿ ನೋಡಿಕೊಂಡರು. ಅತ್ತೆ ಒಳಗೆ ಹೋಗಿ, ರವೆ ಮೆತ್ತಿದ ಹಿತ್ತಾಳೆ ಬಟ್ಟಲನ್ನು ತಂದು ಅಜ್ಜಿಯ ಮುಂದೆ ಬೋರಲು ಇಟ್ಟು, "ನನ್ನ ಮಗಳು ಕೊಟ್ಟಿದ್ದು. ಅಂತೂ ಒಂದು ದಿನ ಉಪಯೋಗಕ್ಕೆ ಬಂತು" ಎಂದರು.

ಮೊದಲು ನಕ್ಕವರು ಅಜ್ಜಿ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಬಾಗಿಲ ಹತ್ತಿರ ಮಗಳು ಕಣ್ಣೊರೆಸಿಕೊಂಡು ನಗುತ್ತಿದ್ದಳು. ನನ್ನ ಎದೆಯ ಮೇಲಿದ್ದ ಗುಂಡುಕಲ್ಲು ಇಳಿಯಿತು. ಅಜ್ಜಿ ಕೂತು, ನಾದಿನಿಯ ಹೆಸರನ್ನು ನೆಮ್ಮದಿಯಾಗಿ ತಿಂದು ಮುಗಿಸಿ, ಅವಳ ಗಂಡನ ಹೆಸರನ್ನೂ ತಿಂದು, "ತಾಂಬೂಲ ತನ್ನಿ" ಎಂದರು.

ಮದುವೆ ಚೆನ್ನಾಗಿ ಆಯಿತು. ಮಗಳು ಸುಖವಾಗಿದ್ದಾಳೆ. ಆ ಅಜ್ಜಿ ಬಂದಾಗಲೆಲ್ಲ ಹೆಸರಿರುವ ಕಟ್ಲೆಟ್ಟನ್ನೇ ಕೇಳುತ್ತಾರೆ, ನಾನೂ ಮಾಡಿಕೊಡುತ್ತೇನೆ. ಅದರಲ್ಲಿ ನನಗೆ ಯಾವ ಬೇಸರವೂ ಇಲ್ಲ.

ಬೇಸರ ಇರುವುದು ಬೇರೆ ಕಡೆ. ನಾದಿನಿ ಈಗ ಯಾರ ಮನೆಯ ಸಮಾರಂಭಕ್ಕೆ ಹೋದರೂ, "ನಮ್ಮ ಅಣ್ಣನ ಮಗಳ ಮದುವೆ ನನ್ನ ಹೆಸರಿನಿಂದಲೇ ಕುದುರಿದ್ದು" ಎಂದು ಹೇಳಿಕೊಂಡು ಬರುತ್ತಿದ್ದಾಳೆ. ಕೇಳಿದವರು ಅವಳನ್ನು ಹೊಗಳುತ್ತಿದ್ದಾರೆ. ಕಟ್ಲೆಟ್ಟು ಹೋಟೆಲಿನದು ಎಂದ ಮಾತನ್ನು ಅವಳು ಇವತ್ತಿನವರೆಗೂ ವಾಪಸು ತೆಗೆದುಕೊಂಡಿಲ್ಲ.

ಅವಳು ನಮ್ಮ ಮನೆಗೆ ಬಂದು, ಅದೇ ಹಾಲಿನಲ್ಲಿ, ಅದೇ ಕುರ್ಚಿಯಲ್ಲಿ ಕೂತು, ಎಲ್ಲರ ಮುಂದೆ ನನ್ನ ಕ್ಷಮೆ ಕೇಳಬೇಕು.