ಮಾವನ ಇಂಜಿನ್ನಿಗೆ ನಾನು ಕೂರಿಸಿದ ಆರು ಚಕ್ರ

ಸೂಜಿಗೆ ದಾರ ಪೋಣಿಸಬಲ್ಲ ಹೆಂಗಸು ಲೋಕದಲ್ಲಿ ಏನನ್ನು ಬೇಕಾದರೂ ಜೋಡಿಸಬಲ್ಲಳು! ಇದು ನನ್ನ ಬಹುಕಾಲದ ನಂಬಿಕೆ. ಹಳೆಯ ಅಂಗಿ ಬಿಚ್ಚಿ ನೋಡಿ ಹೊಲಿಗೆ ಕಲಿತವಳು ನಾನು; ಹಳೆಯ ಮಷೀನು ಬಿಚ್ಚಿ ನೋಡಿ ಅದರ ರಿಪೇರಿಯನ್ನೂ ಕಲಿತೆ. ಆ ಧೈರ್ಯದಲ್ಲೇ ಹೋದ ತಿಂಗಳ ಒಂದು ಸೋಮವಾರ ಊಟದ ಮೇಜಿನ ಮುಂದೆ ನಿಂತು, "ಭಾನುವಾರದೊಳಗೆ ಮಾವನ ಇಂಜಿನ್ನು ಉರುಳದಿದ್ರೆ ನಾನು ಮತ್ತೆ ಸೂಜಿ ಮುಟ್ಟಲ್ಲ!" ಎಂದು ಶಪಥ ಮಾಡಿಬಿಟ್ಟೆ.

"ಹಾಗಾದ್ರೆ ನನ್ನ ಪ್ಯಾಂಟಿನ ಗುಂಡಿ ಶನಿವಾರದೊಳಗೇ ಹಾಕಿಕೊಟ್ಬಿಡು," ಎಂದರು ನಮ್ಮವರು.

ಮಾವ ಮೂವತ್ತೆರಡು ವರ್ಷ ಉಗಿಬಂಡಿ ಓಡಿಸಿದವರು. ಅವರ ಹುಟ್ಟುಹಬ್ಬಕ್ಕೆಂದು ನನ್ನ ನಾದಿನಿ ಒಂದು ಪೆಟ್ಟಿಗೆ ಕಳಿಸಿದ್ದಳು. ಒಳಗೆ ಅವರು ಓಡಿಸುತ್ತಿದ್ದಂಥದೇ ಇಂಜಿನ್ನಿನ ಗೇಣುದ್ದದ ಮಾದರಿ. ಆದರೆ ಬಿಡಿಬಿಡಿಯಾಗಿ! ಅದೂ ಚಕ್ರಗಳು ಕೂರುವ ಚಾಸಿ ಮಾತ್ರ. ಮೇಲಿನ ಭಾಗ ಬೇರೆ ಪೆಟ್ಟಿಗೆಯಲ್ಲಿ ಬರುತ್ತದಂತೆ. ಹಿತ್ತಾಳೆಯ ಎರಡು ಪಕ್ಕದ ತಗಡು, ನಡುವೆ ಅಡ್ಡಪಟ್ಟಿ, ಮೂರು ಅಚ್ಚು, ಆರು ಚಕ್ರ, ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಎರಡು ಕಂಬಿ, ಸಾಸಿವೆ ಕಾಳಿನಷ್ಟು ಸ್ಕ್ರೂಗಳು, ಓಡಿಸಿ ನೋಡಲು ಮೊಳದುದ್ದದ ಹಳಿ.

ಮಾವ ಕನ್ನಡಕ ಒರೆಸಿಕೊಂಡು ಕೂತರು. ಕೈ ನಡುಗಿತು, ಸ್ಕ್ರೂ ಬಿತ್ತು. ಮೂರು ಸಲ ಹೆಕ್ಕಿದರು. ನಾಲ್ಕನೆಯ ಸಲ ಬಿದ್ದಾಗ, "ಆಮೇಲೆ ನೋಡೋಣ" ಎಂದು ಪೆಟ್ಟಿಗೆ ಮುಚ್ಚಿ ಮಂಚದ ಕೆಳಗೆ ತಳ್ಳಿದರು. ಅಷ್ಟರಲ್ಲಾಗಲೇ ಫೋನಿನಲ್ಲಿ ಗೆಳೆಯನಿಗೆ, "ಭಾನುವಾರ ಬಾರಯ್ಯ, ನನ್ನ ಇಂಜಿನ್ನು ಹೇಗೆ ಉರುಳುತ್ತೆ ತೋರಿಸ್ತೀನಿ" ಎಂದು ಹೇಳಿಯಾಗಿತ್ತು! ಆ ಗೆಳೆಯ ಯಾರೆಂದರೆ, ಮಾವನ ಇಂಜಿನ್ನಿಗೆ ಕಲ್ಲಿದ್ದಲು ತುಂಬುತ್ತಿದ್ದವರು. ನಮ್ಮ ಮನೆಯಲ್ಲಿ ಅವರಿಗೆ ಕಲ್ಲಿದ್ದಲ ಮಾಮ ಎಂದೇ ಹೆಸರು. ಒಂದು ವಿಷಯಕ್ಕೆ ನಕ್ಕರೆ ಹತ್ತು ವರ್ಷ ನಗುವ ಆಸಾಮಿ. ಅವರ ಮುಂದೆ ಮಾವನ ಮರ್ಯಾದೆ ಉಳಿಯಬೇಕಿತ್ತು.

"ಮಾವ, ನೀವು ಆರಾಮಾಗಿ ಕೂತ್ಕೊಂಡು ನೋಡ್ತಿರಿ. ಎಲ್ಲ ನಾನು ಮಾಡ್ತೀನಿ."

"ಮಾಡಮ್ಮ, ಆದ್ರೆ..."

"ಆದ್ರೆ ಗೀದ್ರೆ ಏನೂ ಬೇಡ ಮಾವ!"

ಅವರು ಪೇಪರು ಹಿಡಿದು ಕುರ್ಚಿಯಲ್ಲಿ ಕೂತರು. ನಾನು ದೇವರಿಗೆ ಕೈಮುಗಿದು ಕಾರ್ಯಾರಂಭ ಮಾಡಿದೆ.

ಮಂಗಳವಾರ ರೇಡಿಯೋ ರಿಪೇರಿಯವನಿಂದ ಬೆಸುಗೆ ಕಡ್ಡಿ ಎರವಲು ತಂದು ತಗಡುಗಳಿಗೆ ಅಡ್ಡಪಟ್ಟಿ ಬೆಸೆದೆ. ಮೇಜಿನ ಬಟ್ಟೆಯಲ್ಲಿ ಕಿಟಕಿಯಷ್ಟಗಲ ತೂತಾಯಿತು. ಬೆಸುಗೆ ಮಾತ್ರ ಭದ್ರ. ಬುಧವಾರ ಒಂದು ಚಕ್ರ ಕೈಜಾರಿ, ಸ್ವತಂತ್ರವಾಗಿ ಇಡೀ ಹಾಲನ್ನು ದಾಟಿ ಬೀರುವಿನ ಕೆಳಗೆ ಹೊಕ್ಕಿತು. ಆ ಇಂಜಿನ್ನಿನ ಚಕ್ರ ಅಷ್ಟು ಸರಾಗವಾಗಿ ಉರುಳಿದ್ದು ನನ್ನ ಕೈಯಿಂದ ಅದೊಂದೇ ಸಲ! ನಮ್ಮವರು ಕೊಡೆ ಹಿಡಿದು ನೆಲಕ್ಕೆ ಮಲಗಿದರು. ಚಕ್ರ ಹೊರಬಂತು, ಅವರು ಮೇಲೇಳಲಿಲ್ಲ. ಸೊಂಟ ಹಿಡಿದಿತ್ತು. ಅಲ್ಲೇ ಚಾಪೆ ಹಾಸಿಕೊಟ್ಟೆ. ಮನೆಗೊಬ್ಬ ಮೇಲ್ವಿಚಾರಕ ಹೆಚ್ಚಾದ, ಅದೂ ಅಂಗಾತ ಮಲಗಿಕೊಂಡು.

ಗುರುವಾರ ಚಕ್ರ ಕೂರಿಸುವ ಮಹಾಪರ್ವ! ಪ್ರತಿ ಚಕ್ರದ ಮೈಮೇಲೆ, ನಡುವಿನಿಂದ ತುಸು ಆಚೆಗೆ, ಒಂದು ಪುಟ್ಟ ಮೊಳೆ. ಒಂದು ಪಕ್ಕದ ಮೂರು ಮೊಳೆಗೂ ಒಂದೇ ಕಂಬಿ ಸಿಕ್ಕಿಸಬೇಕು, ಇನ್ನೊಂದು ಪಕ್ಕಕ್ಕೂ ಹಾಗೆಯೇ. ಜೊತೆಗಿದ್ದ ಹಾಳೆಯ ಚಿತ್ರ ನೋಡಿದೆ. ಎಡಗಡೆಯ ಮೊಳೆಗಳೆಲ್ಲ ಮೇಲಕ್ಕಿದ್ದವು, ಬಲಗಡೆಯವೆಲ್ಲ ಮುಂದಕ್ಕಿದ್ದವು. ಅಯ್ಯೋ ಪಾಪ, ಚಿತ್ರ ಬರೆದವನು ತೂಕಡಿಸಿದ್ದಾನೆ ಎಂದುಕೊಂಡೆ. ಹದಿನೆಂಟು ವರ್ಷ ಅಂಗಿಗೆ ತೋಳು ಕೂರಿಸಿದವಳಿಗೆ ಅಷ್ಟೂ ತಿಳಿಯದೇ? ಎಡಕ್ಕೆ ಹೇಗೋ ಬಲಕ್ಕೂ ಹಾಗೆ! ಪೆನ್ಸಿಲು ತಂದು ಚಿತ್ರವನ್ನೇ ತಿದ್ದಿದೆ. ದಾರ ಎಳೆದು ನೋಡಿ ಎರಡೂ ಪಕ್ಕದ ಮೊಳೆಗಳನ್ನು ಒಂದೇ ಸಮ ಮೇಲಕ್ಕೆ ನಿಲ್ಲಿಸಿದೆ. ಮತ್ತೆ ಅಲುಗಬಾರದೆಂದು ಅಚ್ಚುಗಳಿಗೆ ಗಟ್ಟಿ ಅಂಟು ಸುರಿದೆ.

ಪೇಪರಿನ ಹಿಂದಿನಿಂದ ಕೆಮ್ಮು ಕೇಳಿಸಿತು. "ಅಮ್ಮಾ, ಆ ಬಲಗಡೆದು..."

"ಇರಿ ಮಾವ, ಅಂಟು ಒಣಗ್ಲಿ. ಈಗ ಮಾತಾಡ್ಸಿದ್ರೆ ಕೈ ನಡುಗುತ್ತೆ!"

ಮಾವ ತಮ್ಮ ಕೈಯನ್ನು ಪೇಪರಿನ ಕೆಳಗೆ ಸರಿಸಿಕೊಂಡರಂತೆ. ನಾನು ನೋಡಲಿಲ್ಲ, ನಮ್ಮವರು ಚಾಪೆಯಿಂದ ನೋಡಿ ಆಮೇಲೆ ಹೇಳಿದರು. ಅಳತೆ ಕೊಡಲು ಬಂದವರ ಮೂರು ತಲೆಮಾರಿನ ಕಥೆಯನ್ನು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕೇಳುವ ನಾನು, ಮನೆಯ ಹಿರಿಯರ ಅರ್ಧ ವಾಕ್ಯ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಕಂಬಿ ಸಿಕ್ಕಿಸಿ, ಹಳಿಯ ಮೇಲಿಟ್ಟು, ಮೆಲ್ಲಗೆ ತಳ್ಳಿದೆ. ಅರ್ಧ ಸುತ್ತು. ಕಟಕ್! ಹಿಂದಕ್ಕೆ ಎಳೆದೆ. ಕಟಕ್! ಮಷೀನಿನ ಎಣ್ಣೆ ಬಿಟ್ಟೆ. ಇನ್ನಷ್ಟು ಬಿಟ್ಟೆ. ಇಂಜಿನ್ನು ಎಣ್ಣೆಯಲ್ಲಿ ಮಿಂದು ಲಕಲಕ ಹೊಳೆಯಿತೇ ಹೊರತು ಅಲುಗಲಿಲ್ಲ. ಕಣ್ಣುಮುಚ್ಚಿ, "ದೇವರೇ, ಒಂದೇ ಒಂದು ಸುತ್ತು ತಿರುಗಿಸಪ್ಪ," ಎಂದೆ.

"ಅವನಿಗ್ಯಾಕೆ ತೊಂದರೆ ಕೊಡ್ತೀಯ? ಹಾಳೇಲಿ ಬರೆದಿದೆಯಲ್ಲ, ಓದು," ಎಂದಿತು ಚಾಪೆ.

"ಅದು ತಪ್ಪಿತ್ತು ಕಣ್ರೀ. ತಿದ್ದಿದೀನಿ."

ಅಷ್ಟರಲ್ಲಿ ಬಾಗಿಲಲ್ಲಿ ಕಲ್ಲಿದ್ದಲ ಮಾಮ! ಚಪ್ಪಲಿ ಬಿಟ್ಟವರೇ ನೇರ ಮೇಜಿಗೆ ಬಂದು ಒಂದು ಬೆರಳಿನಿಂದ ತಳ್ಳಿದರು. ಕಟಕ್!

"ಏನ್ ಡ್ರೈವರ್ರೇ, ಸಿಗ್ನಲ್ ಸಿಕ್ಕಿಲ್ವಾ?"

ಮಾವನ ಮುಖ ಕೆಂಪಾಯಿತು. ನನ್ನ ಹೆಸರು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆ ಮನುಷ್ಯ ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. "ಮಾಮ, ಇದು ಅವರು ಮಾಡಿದ್ದಲ್ಲ. ಅವರು ಹೇಳಕ್ಕೆ ಬಂದ್ರು, ನಾನೇ ಕೇಳ್ಲಿಲ್ಲ. ಎಲ್ಲ ನಂದೇ ತಪ್ಪು."

ಮಾಮ ಅದನ್ನೆತ್ತಿ ಕಣ್ಣಿನ ಹತ್ತಿರ ಹಿಡಿದರು. ಆ ಪಕ್ಕ ನೋಡಿದರು, ಈ ಪಕ್ಕ ನೋಡಿದರು. ಆಮೇಲೆ ಇಬ್ಬರು ಮುದುಕರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಎರಡೂ ಕಡೆ ಒಂದೇ ಥರ ಇಟ್ಟಿದೀಯಲ್ಲಮ್ಮ!" ಎಂದರು ಮಾಮ.

"ನೋಡಕ್ಕೆ ಚೆನ್ನಾಗಿರ್ಲಿ ಅಂತ..."

ಮಾವ ಪೇಪರು ಮಡಿಸಿಟ್ಟು ಎದ್ದರು. "ಒಂದು ಕಡೆ ಕಂಬಿ ಸಿಕ್ಕಿಕೊಂಡಾಗ ಇನ್ನೊಂದು ಕಡೆದು ಅದನ್ನ ದಾಟಿಸ್ಬೇಕಮ್ಮ. ಎರಡೂ ಒಟ್ಟಿಗೆ ಸಿಕ್ಕಿಕೊಂಡ್ರೆ ದಾಟಿಸೋರು ಯಾರು?"

"ಸಂಸಾರದ ಹಾಗೆ," ಎಂದಿತು ಚಾಪೆ. "ಇಬ್ರೂ ಒಟ್ಟಿಗೆ ಮುನಿಸ್ಕೋಬಾರ್ದು."

ಅಂಟು ಬಿಡಿಸಲು ಕುದಿಯುವ ನೀರೇ ಮದ್ದು ಎಂದರು ಮಾಮ. ನನ್ನ ಹಾಲಿನ ಪಾತ್ರೆ ಒಲೆಗೇರಿತು. ಅದರೊಳಗೆ ಚಾಸಿ ಇಳಿಯಿತು. ಆರು ದಿನ ಒದ್ದಾಡಿದ ಮೇಲೆ ಕೊನೆಗೂ ನನ್ನ ಇಂಜಿನ್ನಿನಿಂದ ಉಗಿ ಬಂತು!

ಮುಂದಿನದನ್ನು ನಾನು ಗೋಡೆಗೊರಗಿ ನೋಡಿದೆ. ಮಾಮನಿಗೆ ಕಣ್ಣು ಮಂಜು, ಮಾವನಿಗೆ ಕೈ ನಡುಕ. ಮಾವ ನೋಡಿ ಹೇಳಿದರು, ಮಾಮ ಚಕ್ರ ತಿರುಗಿಸಿದರು. ಸಣ್ಣ ಸ್ಕ್ರೂ ಹಾಕುವಾಗ ಮಾತ್ರ ಮಾಮನ ದಪ್ಪ ಬೆರಳಿಗೆ ಅದು ಸಿಗಲಿಲ್ಲ. ಆಗ ಅವರು ಮಾವನ ಮಣಿಕಟ್ಟನ್ನು ಮೇಜಿಗೊತ್ತಿ ಹಿಡಿದರು. ಕೈ ನಡುಗಲಿಲ್ಲ, ಸ್ಕ್ರೂ ಒಳಗೆ ಹೋಯಿತು.

"ಕಲ್ಲಿದ್ದಲು ತಳ್ಳೋ ಹಾಗೆ ತಳ್ಬೇಡ್ವೋ!"

"ಸ್ಟೇಷನ್ ದಾಟಿದ ಮೇಲೆ ಬ್ರೇಕ್ ಹಾಕ್ತಿದ್ದೋರು ನೀವು, ನನಗೆ ಹೇಳ್ತೀರಾ?"

ನಾನೊಮ್ಮೆ ಸಹಾಯಕ್ಕೆ ಕೈ ಚಾಚಿದೆ. "ನೀನು ದೂರ ನಿಂತ್ಕೋಮ್ಮ!" ಎಂದರು ಇಬ್ಬರೂ ಒಕ್ಕೊರಲಿನಿಂದ.

ಸಂಜೆ ಐದಕ್ಕೆ ಮಾವ ಬೆರಳ ತುದಿಯಿಂದ ತಳ್ಳಿದರು. ಎರಡು ಕಂಬಿಗಳೂ ಒಂದನ್ನೊಂದು ದಾಟಿಸಿಕೊಳ್ಳುತ್ತ, ಚಾಸಿ ಸದ್ದಿಲ್ಲದೆ ಹಳಿಯ ಆ ತುದಿಗೆ ಹೋಗಿ ನಿಂತಿತು. ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದು, ಸೆರಗಿನಿಂದ ಮೂಗೊರೆಸಿಕೊಂಡು ಮುಂದೆ ಬಂದೆ.

"ಮಾವ, ಬುದ್ಧಿ ಬಂತು. ಇಂಜಿನ್ನಿನ ಮೇಲ್ಭಾಗಕ್ಕೆ ನಾನು ಕೈ ಹಾಕಲ್ಲ. ನೀವೇ ಮಾಡ್ಕೊಳ್ಳಿ."

ಮಾವ ಗಾಬರಿಯಾದರು. "ಅಯ್ಯೋ, ಹಾಗನ್ಬೇಡಮ್ಮ! ಅದನ್ನೂ ನೀನೇ ಶುರು ಮಾಡ್ಬೇಕು."

ನನ್ನ ಎದೆ ಒಂದಿಂಚು ಉಬ್ಬಿತು. "ನಿಜವಾಗ್ಲೂ ಮಾವ?"

"ಮತ್ತೆ?" ಮಾವ ಗೆಳೆಯನ ಕಡೆ ಕೈ ತೋರಿಸಿದರು. "ನೀನು ಇಷ್ಟು ಚೆನ್ನಾಗಿ ಕೆಡಿಸಿಕೊಟ್ರೆ ತಾನೇ ಈ ಮುದುಕ ಮುಂದಿನ ಭಾನುವಾರವೂ ಬರೋದು!"